ಹಸಿರು ಬ್ಯಾಡ್ಜು, ಗಜಾನನನ ಬೈಕು

ಜೂನ್ 2
ಎಂದಿನಂತೆ ರಾಮತೀರ್ಥ ನಗರದಿಂದ ಆಟೋ ನಗರದ ಫ್ಯಾಕ್ಟರಿಗೆ ಕಾರಿನಲ್ಲಿ ಒಬ್ಬನೇ. ಎಸಿ ಜೋರು. ದಾರಿಯುದ್ದಕ್ಕೂ ಪರಿಸರ ಚಿಂತನೆ — ಎಚ್‌ಆರ್ ಮ್ಯಾನೇಜರನ ಧರ್ಮ. ಮಾಲಕ ಬಾಳಾಸಾಹೇಬರ ಅಪ್ಪಣೆ: "ಗ್ರೀನ್ ಅಂತ ಏನರ ಮಾಡ್ರಿ. ಮಂದಿಗೆ ಹುರುಪು ಬರಬೇಕು."

ಜೂನ್ 5
ಪರಿಸರ ದಿನ. ಘೋಷಿಸಿದೆ: ಬಸ್ಸು, ಸೈಕಲ್ಲಿನಲ್ಲಿ ಬಂದವರಿಗೆ ಹಸಿರು ಬ್ಯಾಡ್ಜು. ಒಬ್ಬರೇ ಗಾಡಿ ತಂದರೆ ಗೇಟಿನ ಬೋರ್ಡಿನಲ್ಲಿ ಹೆಸರು, ಕೆಂಪಕ್ಷರದಲ್ಲಿ. ಚಪ್ಪಾಳೆ. ಆಗಲೇ ಬಂದ, ಖಾನಾಪುರದಿಂದ ನಮ್ಮ ಲೇಥ್ ಮಷೀನು ನಡೆಸುವ ಗಜಾನನ... ಹೊಸ ಬೈಕಿನ ಮೇಲೆ. ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಕೈಯಲ್ಲಿ ಸಿಹಿ ಕುಂದಾದ ಡಬ್ಬಿ.
"ತಗೋರಿ ಸಾಹೇಬ್ರ, ನಮ್ಮ ಮನಿತನದಾಗ ಮೊದಲನೇ ಗಾಡಿರಿ!"
ಕುಂದಾ ತಿಂದೆ. ಹೆಸರು ಬರೆಸಿದೆ. ನಿಯಮ ನಿಯಮವೇ. ನನ್ನ ಕಾರು? ಅದು ಆಡಳಿತ ವರ್ಗದ್ದು, ಬೇರೆ ವಿಚಾರ.

ಜೂನ್ 12
ಪಾರ್ಕಿಂಗ್ ಖಾಲಿ! ನನ್ನ ಕಾರೊಂದೇ, ಮದುಮಗನ ಹಾಗೆ. ಬಾಳಾಸಾಹೇಬರು ಬೆನ್ನು ತಟ್ಟಿದರು. ಮಧ್ಯಾಹ್ನ ಚಹಾಕ್ಕೆ ಹೊರಗೆ ಹೋದೆ — ಅಂಗಡಿ ಹಿಂದೆ ಬೈಕುಗಳ ಸಾಲು. ಗಜಾನನನದ್ದು ಗೋಣಿಚೀಲ ಹೊದ್ದು ನಿಂತಿತ್ತು. ಹಾರ ಒಣಗಿತ್ತು.
ಚಹಾ ಕುಡಿದು ಬಂದೆ. ವರದಿ ಕಳಿಸಿದೆ: ಭಾರೀ ಯಶಸ್ಸು.

ಜೂನ್ 20
ಗಜಾನನ ಕೆಲಸ ಬಿಡುತ್ತಾನಂತೆ. ಬಾಜು ಫ್ಯಾಕ್ಟರಿಯವರು ಕರೆದಿದ್ದಾರೆ.
"ಪಗಾರ ಜಾಸ್ತಿ ಏನಪಾ?"
"ಇಲ್ರಿ. ಅಲ್ಲಿ ಗಾಡಿ ಗೇಟಿನೊಳಗ ನಿಲ್ಲಾಕ ಬಿಡ್ತಾರ. ಕದ್ದ ಮಾಲಿನಂಗ ಮುಚ್ಚಿಡೂದು ಸಾಕಾತ್ರಿ."
ಬಾಳಾಸಾಹೇಬರು ಕೆಂಡ: "ಅಂವಾ ಹ್ವಾದ್ರ ಆ ಲೇಥ್ ನೀವ ನಡಸ್ರಿ!"

ಜೂನ್ 21
ಬೋರ್ಡು ಒರೆಸಿದೆ. ಹೊಸ ನಿಯಮ: ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬಂದರೆ ಬೈಕೂ ಹಸಿರು. ಗೇಟಿನೊಳಗೆ, ನೆರಳಲ್ಲಿ ಜಾಗ.
ಗಜಾನನ ತಲೆ ಕೆರೆದುಕೊಂಡ. "ಖಾನಾಪುರ ಕಡಿಂದ ಬರಾಂವ ನಾ ಒಬ್ಬನ. ಯಾರ್ನ ಕುಂದರಿಸ್ಲಿರಿ?" ಆಮೇಲೆ ಮುಖ ಅರಳಿತು. "ನಿಮ್ಮ ಮನಿ ಹಾದಿಗೇ ಹತ್ತತೈತಲ್ರಿ ಸಾಹೇಬ್ರ! ಸೋಮವಾರ ಬರ್ತೀನಿ. ನೀವು ಹತ್ತಿದ್ರ ನಾ ಇಲ್ಲೇ ಇರ್ತೀನಿ. ಇಲ್ಲಂದ್ರ ಹೋಗಾಂವ."
ಇಡೀ ಲೇಥ್ ವಿಭಾಗ ನನ್ನತ್ತ ನೋಡಿತು. ನಿಯಮ ನಿಯಮವೇ.

ಜೂನ್ 23, ಬೆಳಿಗ್ಗೆ 7.40
ಜಿಟಿಜಿಟಿ ಮಳೆ. ಕಾರು ಶೆಡ್ಡಿನಲ್ಲಿ ಬೆಚ್ಚಗಿದೆ. ಪಾಪ, ನನ್ನನ್ನೇ ನೋಡುತ್ತಿದೆ. ಹೆಂಡತಿ ನೀಲಾ ಹೆಲ್ಮೆಟ್ ಹಿಡಿದು ನಿಂತಿದ್ದಾಳೆ: "ಗಟ್ಟಿ ಹಿಡಕೊಂಡು ಕುಂದರ್ರಿ!" ನಗು ತಡೆಯಲಾಗುತ್ತಿಲ್ಲ ಅವಳಿಗೆ.
ಹಾರ್ನ್. ಕಿಟಕಿಯಿಂದ ಇಣುಕಿದೆ. ಬೈಕಿಗೆ ಹೊಸ ಹಾರ. ಗಜಾನನನ ಕೈಯಲ್ಲಿ ಇನ್ನೊಂದು ಹಾರ... ಅಯ್ಯೋ, ಅದು ನನ್ನ ಕೊರಳಿಗೇ —