ಬಾಗಿಲಜ್ಜಿಯ ಮುಖ

ಮನೆ, ಮಹಡಿಯ ಕೋಣೆ
ಮಂಗಳವಾರ, ೧೧ ಜೂನ್

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ಚಿಕ್ಕಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಅಲ್ಲೂ ಚಿತ್ರದ ಮುಂದೆ ಕೂತು ತಟ್ಟೆಯನ್ನು ಮರೆಯುತ್ತೀಯೋ? ನಾನು ಚೆನ್ನಾಗಿದ್ದೇನೆ. ಮಣಿಕಟ್ಟಿನ ನೋವು ಇದ್ದೇ ಇದೆ, ಅದು ಬಿಟ್ಟು ಹೋಗುವ ಗಿರಾಕಿಯಲ್ಲ. ನಿನ್ನ ತಮ್ಮ ಗುಂಡುಕಲ್ಲಿನ ಹಾಗಿದ್ದಾನೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ನೀನು ಬರೆದ ನಗುವ ಮೊಲವನ್ನು ಅಂಗಡಿಯಲ್ಲಿ ನೋಡಿದೆವು. "ಈ ಮೊಲ ಯಾಕೋ ಬಲವಂತಕ್ಕೆ ನಗ್ತಾ ಇದೆ ಅಲ್ವೇನಮ್ಮಾ" ಎಂದ. ಅವನ ಬಾಯಿಗೆ ಬೀಗವಿಲ್ಲ, ನಿನಗೆ ಗೊತ್ತಲ್ಲ. ಆದರೆ ಈ ಸಲ ಅವನು ಹೇಳಿದ್ದು ನಿಜ.

ಈಗ ಸುದ್ದಿಗೆ ಬರುತ್ತೇನೆ, ಕೋಪ ಮಾಡಿಕೊಳ್ಳಬೇಡ. ಕಳೆದ ಭಾನುವಾರ ಪ್ರಕಾಶಕರು ಪುಸ್ತಕದಂಗಡಿಯ ಮಹಡಿಯಲ್ಲಿ ನಿನ್ನ ಚಿತ್ರಕಥೆ 'ಇರುಳುಗೋಟೆ'ಯ ಓದುಗರ ಸಭೆ ಕರೆದಿದ್ದರು. ನಾಲ್ಕನೇ ಭಾಗ ಹೇಗಿತ್ತು, ಐದನೆಯದು ಹೇಗೆ ಮುಗಿಯಬೇಕು ಎಂದು ಓದುಗರೇ ಹೇಳಬೇಕಂತೆ! ಬರೆದವಳು ಮನೆ ಬಿಟ್ಟು ಹೋಗಿ ಮೊಲ ಬರೆಯುತ್ತಿದ್ದಾಳೆ, ಇವರು ಇಲ್ಲಿ ಕೂತು ಅವಳ ಕಥೆ ಮುಗಿಸುತ್ತಾರೆ. ನನಗೆ ತಡೆಯಲಿಲ್ಲ. ಒಳ್ಳೆಯ ಸೀರೆಯುಟ್ಟು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಯಾರಿಗೂ ನನ್ನ ಗುರುತಿಲ್ಲ. ಒಬ್ಬಾಕೆ, ಹಲ್ಲಿನ ಡಾಕ್ಟರಂತೆ, ಎದ್ದು ನಿಂತು ನಮ್ಮ ಬಾಗಿಲಜ್ಜಿಯನ್ನು ತರಾಟೆಗೆ ತೆಗೆದುಕೊಂಡಳು. "ಸ್ವಂತ ಮಗಳು ಆಚೆ ನಿಂತು ಕೋಟೆ ಬಾಗಿಲು ಬಡೀತಿದ್ರೆ ಅಗುಳಿ ಹಾಕ್ಕೊಂಡು ಕೂರ್ತಾಳಲ್ಲ, ಅವಳೂ ಒಬ್ಬ ತಾಯೀನಾ?" ಚಪ್ಪಾಳೆಯೋ ಚಪ್ಪಾಳೆ. ಕಪ್ಪಂಗಿಯವನೊಬ್ಬ ಆ ಮುದುಕಿಯನ್ನು ಕಥೆಯ ಆ ನರಭಕ್ಷಕ ನೆರಳುಗಳೇ ತಿಂದುಹಾಕಬೇಕು ಎಂದ. ಬೇಡ, ಅವಳು ಅತ್ತು ಬಾಗಿಲು ತೆಗೆದರೆ ಸಾಕು ಎಂದಳು ಇನ್ನೊಬ್ಬಳು, ದೊಡ್ಡ ಮನಸ್ಸು ಮಾಡಿದವಳ ಹಾಗೆ.

ಇದೇ ಕಪ್ಪಂಗಿಯವನು ಮುಂದುವರಿದು ಕರಿಚಂದ್ರನ ಬಗ್ಗೆ ಭಾಷಣವನ್ನೇ ಬಿಗಿದ. ಎರಡನೇ ಭಾಗದಲ್ಲಿ ಚಂದ್ರ ಕಪ್ಪಾಗುತ್ತಾನಲ್ಲ, ಲೋಕದ ಮನಸ್ಸಾಕ್ಷಿ ಸತ್ತದ್ದರ ಸಂಕೇತವಂತೆ ಅದು. ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡೆ. ನೀನು ಪೆನ್ಸಿಲ್ಲಿನಲ್ಲಿ ಬರೆದು, ಗೆರೆ, ಮುಖ, ಕೈಗಳಿಗೆ ನೀನೇ ಮಸಿ ಹಾಕಿ, ಕಪ್ಪು ತುಂಬಬೇಕಾದಲ್ಲಿ ಸಣ್ಣದೊಂದು ಇಂಟು ಗುರುತು ಹಾಕಿ ಕೊಡುತ್ತೀಯ. ಅಂಗಡಿ ಬೋರ್ಡು ಬರೆದು ಪಳಗಿದ ಕೈ ನನ್ನದು, ಗುರುತು ಕಂಡಲ್ಲೆಲ್ಲ ಕುಂಚ ಎಳೆಯುತ್ತೇನೆ. ಅವತ್ತು ಚಂದ್ರನ ಮೇಲೆ ಪೆನ್ಸಿಲ್ಲು ಜಾರಿ ಬಿದ್ದ ಗೀಟನ್ನು ಗುರುತೆಂದುಕೊಂಡು ಅವನಿಗೂ ಮಸಿ ಬಳಿದೆ. ನೀನು ತಲೆ ಮೇಲೆ ಕೈ ಹೊತ್ತು ಕೂತೆ, ಆಮೇಲೆ ಬಿದ್ದು ಬಿದ್ದು ನಕ್ಕೆ, "ಇರ್ಲಿ ಬಿಡಮ್ಮ, ಇನ್ಮೇಲೆ ಈ ಕೋಟೆಗೆ ಕರೀ ಚಂದ್ರನೇ" ಎಂದೆ. ನನ್ನ ಕೈತಪ್ಪಿಗೆ ಕೈ ಮುಗಿಯುವ ಈ ಜನಕ್ಕೆ ನೀನು ನಿದ್ದೆಗೆಟ್ಟು ಯೋಚಿಸಿದ್ದು ತಪ್ಪಾಗಿ ಕಂಡಿತಲ್ಲ! ಇವರ ಮಾತಿಗೆ ನೀನು ಕುಂಚ ಎತ್ತಿಟ್ಟೆಯಾ?

ಎಲ್ಲರನ್ನೂ ಬೈದರೆ ಪಾಪ ಬಂದೀತು. ಬಸ್ ಡ್ರೈವರೊಬ್ಬರು ಇದ್ದರು, ಸಮವಸ್ತ್ರದಲ್ಲೇ ಬಂದಿದ್ದರು. "ಆ ಮುದುಕಿ ಕೈ ನೋಡಿದ್ರಾ? ಬಾಗಿಲು ತೆಗೀಬೇಕು ಅಂತ ಇರೋಳ ಕೈ ಅದು. ಏನೋ ಇದೆ, ತಡೀರಿ" ಎಂದು ಕೂತುಬಿಟ್ಟರು. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಆಮೇಲೆ ನಾನೂ ಎದ್ದು ನಿಂತೆ. "ಆ ಅಜ್ಜಿ ನಾನೇ. ಬಾಗಿಲು ಹಾಕ್ದವಳು ನಾನೇ. ಇವತ್ತು ಬಡಿದ್ರೂ ತೆಗೆಯಲ್ಲ. ಯಾಕೆ ಅಂತ ತಿಳೀಬೇಕಾದ್ರೆ ಐದನೇ ಭಾಗ ಬರೋವರೆಗೆ ಬಾಯಿ ಮುಚ್ಕೊಂಡು ಕಾಯಿರಿ" ಎಂದೆ. ಪ್ರಕಾಶಕರ ಮುಖ ನೋಡಬೇಕಿತ್ತು ನೀನು. ಇಳಿದು ಬರುವಾಗ ಹಲ್ಲಿನ ಡಾಕ್ಟರು ಮೆಟ್ಟಿಲಲ್ಲಿ ತಡೆದು "ನಾನು ಬೈದಿದ್ದು ನಿಮಗಲ್ಲ" ಎಂದಳು. ನನಗೇ ಬೈದದ್ದು, ಪರವಾಗಿಲ್ಲ, ಹಲ್ಲು ನೋವು ಬಂದಾಗ ಬರುತ್ತೇನೆ ಎಂದೆ.

ಮಗಳೇ, ನೀನು ಹೋಗುವ ದಿನ ಹೇಳಿದ ಮಾತು ನನ್ನ ಹೊಟ್ಟೆಯಲ್ಲೇ ಕೂತಿದೆ. "ನನ್ನಿಂದ ಊರೆಲ್ಲ ನಿನ್ನ ಬೈಯೋ ಹಾಗಾಯ್ತಲ್ಲಮ್ಮ" ಎಂದೆ. ಅಜ್ಜಿಗೆ ಬಿದ್ದ ಒಂದೊಂದು ಬೈಗುಳವೂ ನನಗೇ ಬಿದ್ದ ಹಾಗೆ ನಿನಗೆ ಕೇಳಿಸಿತು. ಕೇಳಲಿ ಬಿಡು, ಅದರಲ್ಲಿ ನಾಚಿಕೆಯೇನು? ಆಗ ನೀನು ಆರು ವರ್ಷದವಳು. ನಿನ್ನ ತಮ್ಮನಿಗೂ ನನಗೂ ಆ ಹಾಳು ಜ್ವರ ಅಂಟಿತ್ತು. ನಿನ್ನನ್ನು ಚಿಕ್ಕಮ್ಮನಿಗೆ ಒಪ್ಪಿಸಿ ಒಳಕೋಣೆಯ ಚಿಲಕ ಹಾಕಿಕೊಂಡೆ. ನೀನು ಅವಳ ಕೈ ಕೊಸರಿಕೊಂಡು ಬಂದು ಬಾಗಿಲು ಬಡಿದೆ. "ಅಮ್ಮಾ ತೆಗಿ, ಇನ್ಮೇಲೆ ಜಾಣೆಯಾಗಿರ್ತೀನಿ" ಎಂದೆ. ನಿನ್ನದೇ ಏನೋ ತಪ್ಪಿರಬೇಕು ಎಂದು ನೀನು ಅಂದುಕೊಂಡಿದ್ದೆ, ನನ್ನ ಕಂದ. ನಾನು ತೆಗೆಯಲಿಲ್ಲ. ಇವತ್ತು ಅಂಥದ್ದೇ ದಿನ ಬಂದರೂ ತೆಗೆಯುವುದಿಲ್ಲ, ಯಾವ ಸಭೆ ಏನಾದರೂ ಹೇಳಿಕೊಳ್ಳಲಿ. ಐದನೇ ಭಾಗದಲ್ಲಿ ನೀನು ಅದನ್ನೇ ತಾನೇ ಬರೆದದ್ದು? ನೆರಳುಗಳು ಕೋಟೆಯ ಆಚೆ ಇಲ್ಲ, ಒಳಗೇ ಇವೆ, ಅಜ್ಜಿಯ ಬೆನ್ನ ಹಿಂದೆ. ಮಗಳನ್ನು ಅವುಗಳ ಬಾಯಿಗೆ ಕೊಡಬಾರದೆಂದೇ ಅವಳು ಅಗುಳಿ ಹಾಕಿದ್ದು. ಪೆನ್ಸಿಲ್ಲಿನ ಪುಟಗಳನ್ನು ನೋಡಿದಾಗ ನಾನು ಅಡುಗೆಮನೆಗೆ ಎದ್ದು ಹೋದೆ. ನನಗೆ ಬೇಸರವಾಯಿತೆಂದು ನೀನು ತಿಳಿದೆ. ಬೇಸರವಲ್ಲ ಹುಚ್ಚೀ! ಇಷ್ಟು ವರ್ಷದ ಮೇಲೆ ನಿನಗೆ ಅರ್ಥವಾಗಿದೆಯಲ್ಲ ಎಂದು ಅತ್ತೆ.

ನಿನ್ನೆ ಪ್ರಕಾಶಕರೇ ಮನೆಗೆ ಬಂದಿದ್ದರು. ಓದುಗರು ಕಾಯುವುದಿಲ್ಲವಂತೆ, ಅಜ್ಜಿ ಬಾಗಿಲು ತೆಗೆಯಲೇಬೇಕಂತೆ. ಹೇಗೆ ಬೇಕಾದರೂ ಮುಗಿಸಿಕೊಳ್ಳಿ ಎಂದು ನೀನೇ ಹೇಳಿ ಹೋಗಿದ್ದೀಯಂತೆ. ನಿನ್ನ ಕೊನೆಯ ಪುಟದ ಮೇಲೇ ತಮ್ಮ ಕಚೇರಿಯ ಕಲಾವಿದನ ಕೈಯಲ್ಲಿ ತಿದ್ದಿಸಿ ತಂದಿದ್ದರು. ಅಗುಳಿ ಅಳಿಸಿ ಬಾಗಿಲನ್ನು ಅರ್ಧ ತೆರೆದಿದ್ದಾನೆ, ಅಜ್ಜಿಯ ಮುಖ ತೆಗೆದು ಅಳುಮುಂಜಿಯೊಂದನ್ನು ಕೂರಿಸಿದ್ದಾನೆ. ರಬ್ಬರು ಉಜ್ಜಿದ ಕಡೆ ಹಾಳೆ ತರಿತರಿಯಾಗಿದೆ, ಬೆರಳಿಗೆ ಸಿಗುತ್ತದೆ. "ನೀವು ಬರೀ ಕಪ್ಪು ತುಂಬಿ ಕೊಡಿ ಸಾಕು" ಎಂದು ಹೇಳಿ ಮೇಜಿನ ಮೇಲಿಟ್ಟು ಹೋದರು. ನಾನು ಆಯಿತು ಎಂದೆ.

ತಮ್ಮ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ನಿನ್ನ ಕೈಗೂ ಕಣ್ಣಿಗೂ ಏನೂ ಆಗದಿರಲಿ, ನೂರು ವರ್ಷ ಬರೆಯುತ್ತಿರು.

ನಿನ್ನನ್ನು ಹೆತ್ತವಳು,
ಅಮ್ಮ

ಮರೆತಿದ್ದೆ: ಕಪ್ಪು ತುಂಬಿ ಆಯಿತು. ಬಾಗಿಲ ಸಂದು, ಆಚೆಯ ಬೆಳಕು, ಅವನು ತೆರೆದದ್ದೆಲ್ಲಕ್ಕೂ ಬಳಿದುಬಿಟ್ಟೆ. ಬಾಗಿಲು ಮುಚ್ಚಿದೆ. ಫೋನ್ ಮಾಡಿ ತಿಳಿಸಿದರೆ ಪ್ರಕಾಶಕರು ಕೂಗಾಡಿದರು, ಆ ಕಪ್ಪನ್ನು ಈಗ ಹೇಗ್ರೀ ತೆಗೆಯೋದು ಎಂದರು. ತೆಗೆಯಲಾಗದು ಎಂದೇ ಬಳಿದದ್ದು ಎಂದೆ. ನೀನೇ ಬಂದು ಮುಗಿಸುತ್ತೀಯೆಂದ ಮೇಲೆ ಶುಕ್ರವಾರದವರೆಗೆ ಕಾಯಲು ಒಪ್ಪಿದ್ದಾರೆ. ಅಳುಮುಂಜಿಯನ್ನೂ ಅಳಿಸಿದ್ದೇನೆ, ಮುಖದ ಜಾಗ ಖಾಲಿ ಇದೆ. ಮುಖ ಬರೆಯುವುದು ನಿನ್ನ ಕೆಲಸ, ನನಗೆ ಬರದು. ಗುರುವಾರದ ಬಸ್ಸಿಗೆ ಹೊರಟು ಬಾ. ಆ ದಿನ ಬಾಗಿಲಿನ ಈಚೆ ನನ್ನ ಮುಖ ಹೇಗಿತ್ತೆಂದು ನೀನು ನೋಡಿಲ್ಲ. ಅದೇ ಒಳಕೋಣೆಯಲ್ಲಿ, ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಈ ಸಲ ನೀನು ಒಳಗೆ ಬಂದು ನನ್ನೆದುರು ಕೂತು ನೋಡಿ ಬರಿ.