ಒಂದು ದೋಸೆ ಹಂಚು, ಇಪ್ಪತ್ತೆಂಟು ಎಕರೆ

ವಿಶಾಖಪಟ್ಟಣದ ಸಮಸ್ತ ಪುರಜನರೇ, ಬಂದರಿನಲ್ಲಿ ಸರದಿಗೆ ಕಾದು ನಿಂತ ಹಡಗುಗಳೇ, ಮುಂದಿನ ಸಾಲಿನ ಸೋಫಾಗಳಲ್ಲಿ ಆಸೀನರಾಗಿರುವ ಗಣ್ಯರೇ, ಹಿಂದೆ ಗೋಡೆಗೊರಗಿ ನಿಂತಿರುವ ನಗಣ್ಯರೇ, ದಯವಿಟ್ಟು ಎಲ್ಲರೂ ಶಾಂತರಾಗಿರಿ. ನಿಮ್ಮ ಸಾವಿರಾರು ಜನರ ಸಮ್ಮುಖದಲ್ಲಿ, ನಿಮ್ಮೆಲ್ಲರ ಪರವಾಗಿ, ನಾನೀಗ ಒಬ್ಬರೊಡನೆ ಎರಡು ಮಾತನಾಡಬೇಕಾಗಿದೆ.

ಭೂ ಉಪಯೋಗ ಬದಲಾವಣೆಯ ಅರ್ಜಿಗಳನ್ನು ಪರಿಶೀಲಿಸುವ ಮಾನ್ಯ ಅಧಿಕಾರಿಗಳೇ, ನನ್ನ ದೂರು ಇಷ್ಟೇ. ನನ್ನ ಹೆಂಡತಿ ನಮ್ಮ ಮನೆಯ ಮುಂದಿನ ಹತ್ತಡಿ ಕೋಣೆಯಲ್ಲಿ ದೋಸೆ ಹುಯ್ಯುತ್ತೇನೆ, ಆ ಕೋಣೆಯನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಿಸಿಕೊಡಿ ಎಂದು ಕೇಳಿದಾಗ, ನೀವು ಮೂರು ಸಲ ಕೂಲಂಕಷವಾಗಿ ಪರಿಶೀಲಿಸಿ ಮೂರು ಸಲವೂ ಬೇಡ ಎಂದಿರಿ. ಅದೇ ರಸ್ತೆಯ ಎದುರುಬದಿಯಲ್ಲಿ ಮುಚ್ಚಿಹೋಗಿರುವ ಹಗ್ಗದ ಕಾರ್ಖಾನೆಯ ಇಪ್ಪತ್ತೆಂಟು ಎಕರೆಯನ್ನು, ಹಿಂದಿನ ಕೆರೆಯನ್ನೂ ಸೇರಿಸಿ, ಮಾಲ್ ಕಟ್ಟಲು ವಾಣಿಜ್ಯಕ್ಕೆ ಬದಲಿಸಿಕೊಡಿ ಎಂದು ಒಬ್ಬ ಬಿಲ್ಡರ್ ಕೇಳಿದಾಗ, ನೀವು ಸ್ಥಳ ಪರಿಶೀಲನೆಯನ್ನು ನನ್ನ ಹೆಂಡತಿಯ ಬೆಂಚಿನ ಮೇಲೆ ಕುಳಿತು, ಅವಳ ದೋಸೆ ತಿನ್ನುತ್ತ ಮುಗಿಸಿದಿರಿ. ದೋಸೆ ಚೆನ್ನಾಗಿದೆ ಎಂದಿರಿ. ಅದೊಂದು ವಿಷಯದಲ್ಲಿ ಮಾತ್ರ ನಿಮ್ಮ ಪರಿಶೀಲನೆಯ ಮೇಲೆ ನನಗೆ ಆಕ್ಷೇಪಣೆ ಇಲ್ಲ.

ಆಂಧ್ರದ ಕಚೇರಿಗೆ ಕನ್ನಡದಲ್ಲೇಕೆ ಪತ್ರ ಎಂದು ನೀವು ಕೇಳಬಹುದು. ತೆಲುಗಿನಲ್ಲಿ ಬರೆದ ಆಕ್ಷೇಪಣೆಗೆ ಉತ್ತರ ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ‘ತಲುಪಿದೆ’ ಎಂದು ಬಂತು. ಅದು ಉತ್ತರ ಬಾರದಿರುವುದಕ್ಕಿಂತ ಹೆಚ್ಚು ಬೇಸರದ್ದು. ಹಾಗಾಗಿ ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಬಿ.ಎ. ಮುಗಿಸಿ, ಹೊಟ್ಟೆಪಾಡಿಗೆ ಈ ಬಂದರಿನ ಸರಕು ಸಾಗಣೆ ಕಚೇರಿಯೊಂದಕ್ಕೆ ಬಂದು ಸೇರಿದ ನಾನು, ಇಲ್ಲಿನ ಕನ್ನಡ ಸಂಘದ ಪತ್ರಿಕೆಯಲ್ಲಿ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದು ಎಂಬ ಚಿಂತೆ ನನಗಿಲ್ಲ. ಬರುವ ಭಾಷೆಯಲ್ಲಿ ಬರೆದದ್ದನ್ನೂ ನೀವು ಓದಿದಂತೆ ಕಾಣಲಿಲ್ಲ.

ಇನ್ನೊಂದು ಮಾತು. ಪ್ರಾಸ ನನ್ನ ಹಳೆಯ ಚಟ. ಬಿಡಿಸಲು ಹೋಗಿ ಹೆಂಡತಿಯೇ ಸೋತಿದ್ದಾಳೆ. ನೀವೂ ಸಹಿಸಿಕೊಳ್ಳಿ.

ಎಕರೆ ಕಂಡರೆ ಅಕ್ಕರೆ, ಮಾತೆಲ್ಲ ಸಕ್ಕರೆ;
ಅಡಿ ಕಂಡರೆ ಸಿಡಿಮಿಡಿ, ಕಡತವೆಲ್ಲ ಕಿಡಿಕಿಡಿ.

ಮೊದಲು ಅಡಿಯ ಕಥೆ. ನನ್ನ ಹೆಂಡತಿ ಮಾಧವೀಲತಾ ವಿಜಯವಾಡದ ಹಳೇಪೇಟೆ ಒನ್ ಟೌನ್‌ನವಳು. ಮದುವೆಯಾದ ಹೊಸದರಲ್ಲಿ ನಮ್ಮೂರಿಗೆ ಕರೆದುಕೊಂಡು ಹೋದಾಗ ಬೆಣ್ಣೆ ದೋಸೆ ತಿಂದವಳು, ಗಂಡನಿಗಿಂತ ದೋಸೆಯನ್ನೇ ಹೆಚ್ಚು ಮೆಚ್ಚಿಕೊಂಡು, ನನ್ನ ಅಮ್ಮನ ಪಕ್ಕ ನಿಂತು ಹಿಟ್ಟಿನ ಹದ ಕಲಿತು ಬಂದಳು. ಹೆಸರುಕಾಳಿನ ಪೆಸರಟ್ಟು ತಿನ್ನುವ ಸೀಮೆಯಲ್ಲಿ ದಾವಣಗೆರೆ ದೋಸೆಗೆ ಗಿರಾಕಿ ಸಿಗುತ್ತಾರೆಂದು ನಾನು ನಂಬಿರಲಿಲ್ಲ. ಅವಳು ನಂಬಿದ್ದಳು. ಕಾನೂನು ಪ್ರಕಾರವೇ ಮಾಡಬೇಕು, ಬೋರ್ಡು ಹಾಕಬೇಕು, ಬೋರ್ಡಿನ ಮೇಲೆ ತನ್ನ ಹೆಸರಿರಬೇಕು ಎಂದು ಹಟ ಹಿಡಿದು ನಿಮಗೆ ಅರ್ಜಿ ಹಾಕಿದಳು. ಹೆಸರಿರುವ ಬೋರ್ಡು, ಅಷ್ಟೇ ಅವಳ ಆಸೆ. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಮ ಸಿಬ್ಬಂದಿ ಬಂದರು. ಏನು ಶ್ರದ್ಧೆ! ಕೋಣೆಯ ಉದ್ದ ಅಳೆದರು, ಅಗಲ ಅಳೆದರು, ಕಿಟಕಿಯನ್ನೂ ಬಿಡಲಿಲ್ಲ. ಗಿರಾಕಿಗಳು ಗಾಡಿ ಎಲ್ಲಿ ನಿಲ್ಲಿಸುತ್ತಾರೆ ಎಂದು ಕೇಳಿದರು. ಹಂಚಿನ ಹೊಗೆ ಯಾವ ಮನೆಯತ್ತ ಹೋಗುತ್ತದೆ ಎಂದು ಕೇಳಿದರು. ಪಾತ್ರೆ ತೊಳೆದ ನೀರು ಎಲ್ಲಿಗೆ ಹರಿಯುತ್ತದೆ ಎಂದು ಕೇಳಿ, ಒಂದು ಚೊಂಬು ನೀರು ತರಿಸಿ, ಬಚ್ಚಲಿಗೆ ಹುಯ್ಯಿಸಿ, ಅದು ಮೋರಿ ಸೇರುವವರೆಗೆ ಅದರ ಜೊತೆಗೇ ನಡೆದುಕೊಂಡು ಹೋದರು. ಕೊನೆಗೆ, ಈ ಕೋಣೆಯಿಂದ ‘ಪ್ರದೇಶದ ವಸತಿ ಸ್ವರೂಪಕ್ಕೆ ಧಕ್ಕೆ’ ಬರುತ್ತದೆ ಎಂದು ಬರೆದರು. ಪಕ್ಕದ ಮನೆಯ ದಕ್ಷಿಣಾಮೂರ್ತಿಗಳು, ಬಂದರಿನಿಂದ ನಿವೃತ್ತರಾದವರು, ನಮ್ಮ ಸ್ವರೂಪಕ್ಕೆ ಏನೂ ಆಗಿಲ್ಲ, ದೋಸೆ ತಿಂದು ಸ್ವಲ್ಪ ದಪ್ಪವಾಗಿದ್ದೇವೆ ಅಷ್ಟೆ ಎಂದು ನಿಮ್ಮ ಕಚೇರಿಗೇ ಬಂದು ಹೇಳಿದರು. ನೀವು ನಗಲಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಚೊಂಬು, ಮತ್ತೆ ಬೇಡ. ಅದರ ಮುಂದಿನ ವರ್ಷವೂ.

ಈಗ ನಮ್ಮಲ್ಲಿ ವ್ಯಾಪಾರ ಇಲ್ಲ ಮಾನ್ಯರೇ. ನೆಂಟರು ಬರುತ್ತಾರೆ. ಬೆಳಿಗ್ಗೆ ಏಳರಿಂದ ಸಾಲಾಗಿ ಬರುತ್ತಾರೆ. ನನ್ನ ಹೆಂಡತಿಯನ್ನು ಅಕ್ಕಾ ಎನ್ನುತ್ತಾರೆ, ವದಿನಾ ಎಂದು ಅತ್ತಿಗೆಯ ಸಲಿಗೆ ತೋರುತ್ತಾರೆ, ದೋಸೆ ತಿನ್ನುತ್ತಾರೆ, ಹೋಗುವಾಗ ಡಬ್ಬಿಗೆ ಮುಯ್ಯಿ ಹಾಕಿ ಹೋಗುತ್ತಾರೆ. ಮನೆಗೆ ಬಂದ ನೆಂಟರನ್ನು ಉಪವಾಸ ಕಳಿಸಬೇಕೆಂಬ ನಿಯಮ ನಿಮ್ಮಲ್ಲಿ ಇದ್ದರೆ ತಿಳಿಸಿ.

ಇನ್ನು ಎಕರೆಯ ಕಥೆ. ಕಾರ್ಖಾನೆಯ ಹಿಂದೆ, ಬೆಟ್ಟದ ಬುಡದಲ್ಲಿ, ಒಂದು ಕೆರೆ ಇದೆ. ಹಡಗು ಕಟ್ಟುವ ಹಗ್ಗಕ್ಕೆ ಹಿಂದೆ ಅಲ್ಲಿ ತೆಂಗಿನ ನಾರು ನೆನೆಹಾಕುತ್ತಿದ್ದರಂತೆ. ಈಗ ಅದಕ್ಕೆ ಒಂದೇ ಕೆಲಸ: ಬೆಟ್ಟದ ಮೇಲೆ ಬಿದ್ದ ಮಳೆಯನ್ನೆಲ್ಲ ಹಿಡಿದಿಟ್ಟುಕೊಂಡು, ಇಲ್ಲಿಯವರು ಗೆಡ್ಡ ಎನ್ನುವ ಹಳ್ಳದ ಮೂಲಕ, ಸ್ವಲ್ಪಸ್ವಲ್ಪವಾಗಿ ಸಮುದ್ರಕ್ಕೆ ಬಿಡುವುದು. ಹಿಂದಿನ ತುಫಾನಿನಲ್ಲಿ ಎರಡು ದಿನ ಸುರಿದಾಗ ಕೆರೆ ತುಂಬಿ, ಕಾರ್ಖಾನೆಯ ಅಂಗಳ ತುಂಬಿ, ರಸ್ತೆ ದಾಟಿ ನಮ್ಮ ಮೆಟ್ಟಿಲಿನವರೆಗೆ ನೀರು ಬಂದು ನಿಂತಿತು. ಮಾಧವೀಲತಾ ಹಿಟ್ಟಿನ ಪಾತ್ರೆಯನ್ನು ಅಟ್ಟಕ್ಕೇರಿಸಿ, ಹಂಚನ್ನು ಸೊಂಟಕ್ಕೊತ್ತಿಕೊಂಡು ಬಾಗಿಲಲ್ಲಿ ಕಾವಲು ನಿಂತಿದ್ದಳು. ನೀರು ಮೆಟ್ಟಿಲು ಹತ್ತಲಿಲ್ಲ. ಕೆರೆ ಇದ್ದೂ ಮೆಟ್ಟಿಲಿನವರೆಗೆ. ಅದನ್ನು ಮುಚ್ಚಿದರೆ ಎಲ್ಲಿಯವರೆಗೆ ಎಂದು ನೀವು ಲೆಕ್ಕ ಹಾಕಬೇಕಿತ್ತು. ಚೊಂಬಿನ ನೀರಿನ ಹಿಂದೆ ಮೋರಿಯವರೆಗೆ ನಡೆದವರಿಗೆ ಬೆಟ್ಟದ ನೀರಿನ ಹಿಂದೆ ನಾಲ್ಕು ಹೆಜ್ಜೆ ನಡೆಯುವುದು ಭಾರವೇ?

ನೀವು ಬಂದದ್ದು ಮೇ ತಿಂಗಳಲ್ಲಿ. ಮೂರು ಕಾರುಗಳಲ್ಲಿ ಬಂದಿರಿ. ಕಾರ್ಖಾನೆಯ ಗೇಟಿಗೆ ಬೀಗ. ಕೀಲಿ ತರುವವನು ದಾರಿಯಲ್ಲಿದ್ದಾನೆ ಎಂದರು. ವಿಶಾಖಪಟ್ಟಣದ ಬಿಸಿಲು, ಜೊತೆಗೆ ಸಮುದ್ರದ ಸೆಕೆ. ನೀವು ನೆರಳು ಹುಡುಕಿದಿರಿ, ನೆರಳು ನಮ್ಮ ಮನೆ ಮುಂದಿತ್ತು, ನೆರಳಿನ ಕೆಳಗೆ ಬೆಂಚಿತ್ತು. ದೋಸೆ ಬಂತು. ಕೀಲಿ ಬರಲಿಲ್ಲ. ಎರಡನೆಯ ಸುತ್ತು ದೋಸೆ ಬಂತು. ನಿಮ್ಮಲ್ಲಿ ಒಬ್ಬರು ಕೈಯಲ್ಲಿದ್ದ ತುಂಡಿನಿಂದಲೇ ಬೆಟ್ಟದತ್ತ ತೋರಿಸಿ, ಆ ಕಡೆ ಏನಿದೆ ಎಂದು ನನ್ನ ಹೆಂಡತಿಯನ್ನು ಕೇಳಿದರು. ಕೆರೆ ಎಂದಳು. ನೀರಿದೆಯಾ ಎಂದರು. ಮೇ ತಿಂಗಳು ಸರ್, ಈಗೆಲ್ಲಿ ನೀರು ಎಂದಳು. ಅವರು ‘ಖಾಲಿ ಜಾಗ’ ಎಂದು ಬರೆದುಕೊಂಡರು. ಬೇಸಿಗೆ ರಜೆಯಲ್ಲಿ ಶಾಲೆಯ ತಪಾಸಣೆಗೆ ಹೋಗಿ, ಮಕ್ಕಳೇ ಇಲ್ಲ, ಕಟ್ಟಡ ಕೆಡವಬಹುದು ಎಂದು ಬರೆದ ಹಾಗಾಯಿತು. ಕೈ ತೊಳೆಯುವಾಗ ನಿಮಗೆ ಕರ್ತವ್ಯದ ನೆನಪಾಗಿರಬೇಕು. ಲೈಸೆನ್ಸ್ ಇದೆಯೇನಮ್ಮಾ ಎಂದು ವಿಚಾರಿಸಿದಿರಿ.

“ಮೀರೇ ಕದಂಡೀ ವದ್ದನ್ನದಿ,” ಎಂದಳು ಅವಳು, ತಟ್ಟೆ ಎತ್ತಿಕೊಳ್ಳುತ್ತ. ಬೇಡ ಅಂದವರು ನೀವೇ ತಾನೇ, ಎಂದು.

ನೀವು ಚಟ್ನಿ ಹಾಕಿಸಿಕೊಂಡಿರಿ.

ಹೆಣ್ಣು ನೋಡಲು ಬಂದವರು ಕೇಸರಿಬಾತು, ಉಪ್ಪಿಟ್ಟು ಮುಗಿಸಿ, ಹೆಣ್ಣು ಹೊರಗೆ ಬರುವ ಮೊದಲೇ ಒಪ್ಪಿಗೆ ಎಂದು ಹೇಳಿ ಹೋದದ್ದನ್ನು ನಾನು ಈವರೆಗೆ ಕಂಡಿರಲಿಲ್ಲ. ಕೀಲಿಯವನು ಬಂದಾಗ ನಿಮ್ಮ ಕಾರುಗಳು ಹೊರಟು ಹೋಗಿದ್ದವು. ಅವನೂ ಒಂದು ದೋಸೆ ತಿಂದ.

ಆಮೇಲೆ ಆಕ್ಷೇಪಣೆ ಆಲಿಸುವ ಸಭೆ. ಜಾಗ ವಿಶಾಖಪಟ್ಟಣದಲ್ಲಿ, ಜನ ವಿಶಾಖಪಟ್ಟಣದಲ್ಲಿ, ನೀರು ನುಗ್ಗುವುದು ವಿಶಾಖಪಟ್ಟಣದಲ್ಲಿ. ಸಭೆ ಮಾತ್ರ ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಬಳಿ, ಕೆಲಸದ ದಿನದಲ್ಲಿ. ನಮ್ಮ ರಸ್ತೆಯಿಂದ ಹನ್ನೊಂದು ಮನೆಯವರು ರಜೆ ಹಾಕಿ ರೈಲು ಹತ್ತಿದೆವು. ನಾನು ಹಿಂದಿನ ದಿನವೇ ಹೋಗಿ ಒನ್ ಟೌನ್‌ನಲ್ಲಿ ಒಣಮೆಣಸಿನಕಾಯಿಯ ಹೋಲ್‌ಸೇಲ್ ವ್ಯಾಪಾರ ಮಾಡುವ ಭಾವಮೈದುನ ರಮಾಕಾಂತನ ಮನೆಯಲ್ಲಿ ಉಳಿದೆ. ಸ್ಥಳ ಪರಿಶೀಲನೆಯ ಕಥೆ ಹೇಳಿದೆ. ಅವನು ನಕ್ಕು ನಕ್ಕು ಸುಸ್ತಾಗಿ, “ಬಾವಗಾರೂ, ನಮ್ಮಲ್ಲಿ ಒಂದು ಚೀಲ ಮೆಣಸಿನಕಾಯಿ ಕೊಳ್ಳೋನೂ ಮೊಣಕೈವರೆಗೆ ಕೈ ಇಳಿಸಿ ತಳದ್ದು ತೆಗೆದು ನೋಡ್ತಾನೆ. ನಿಮ್ಮ ಸಾರ್‌ಗಳು ಚೀಲದ ಮೇಲಿನ ಹೆಸರನ್ನೂ ಓದಿಲ್ಲವಲ್ಲ,” ಎಂದ.

ಸಭೆಯಲ್ಲಿ ಬಿಲ್ಡರ್ ಕಡೆಯವರಿಗೆ ಪರದೆ, ಪ್ರೊಜೆಕ್ಟರ್, ಅರ್ಧ ಗಂಟೆ. ನಮ್ಮ ಹನ್ನೊಂದು ಮನೆಗೆ ಸೇರಿ ಐದು ನಿಮಿಷ. ಪರದೆಯ ಮೇಲೆ ನಮ್ಮ ಕೆರೆ ಇರಬೇಕಾದ ಜಾಗದಲ್ಲಿ ಬಣ್ಣದ ಕಾರಂಜಿ ಚಿಮ್ಮುತ್ತಿತ್ತು. ಅದರ ಸುತ್ತ ನಾವ್ಯಾರೂ ಅಲ್ಲದ ಬೆಳ್ಳಗಿನ ಜನ ಐಸ್‌ಕ್ರೀಮ್ ತಿನ್ನುತ್ತಿದ್ದರು. ಇದ್ದ ನೀರನ್ನು ಮುಚ್ಚಿ, ಇಲ್ಲದ ನೀರನ್ನು ಮೋಟಾರಿನಿಂದ ಮೇಲೆತ್ತುವುದೇ ಅಭಿವೃದ್ಧಿ ಇರಬೇಕು. ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದೆ. ಆ ಜಾಗದಲ್ಲಿ ನಿಮಗೇನು ಹಕ್ಕು ಎಂದು ನೀವು ಕೇಳಿದಿರಿ. ಏನೂ ಇಲ್ಲ, ಅದರ ನೀರಿಗೆ ಮಾತ್ರ ನನ್ನ ಮನೆಯ ಮೇಲೆ ಹಕ್ಕು ಬರುತ್ತದೆ ಎಂದೆ. ಸಮಯ ಮುಗಿಯಿತು ಎಂದಿರಿ. ಅಂತಿಮ ಸಭೆ ದಸರೆ ಮುಗಿದ ಮೇಲೆ, ಅಲ್ಲಿಯವರೆಗೂ ಆಕ್ಷೇಪಣೆ ಉಳಿಸಿಕೊಂಡವರ ಮಾತನ್ನು ಮಾತ್ರ ಕೇಳಲಾಗುವುದು ಎಂದು ಘೋಷಿಸಿದಿರಿ.

ಆ ಘೋಷಣೆಯನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಬಿಲ್ಡರ್ ಕಡೆಯ ಅನಿರುದ್ಧ್ ಎಂಬ ಯುವಕರು. ಮರುವಾರದಿಂದಲೇ ನಮ್ಮ ರಸ್ತೆಯ ಒಂದೊಂದೇ ಮನೆಗೆ ಬರತೊಡಗಿದರು. ಬಹಳ ವಿನಯ. ಚಪ್ಪಲಿ ಗೇಟಿನ ಹೊರಗೇ ಬಿಡುತ್ತಾರೆ. ಯಾವ ಮನೆಗೆ ಏನು ಬೇಕು ಎಂದು ಕುಳಿತು ಕೇಳುತ್ತಾರೆ. ನಿಮ್ಮ ಕಚೇರಿಯಲ್ಲಿ ಈವರೆಗೆ ಯಾರೂ ಕೇಳದ ಪ್ರಶ್ನೆ ಅದು. ಒಂದು ಮನೆಯ ಮಗನಿಗೆ ಮಾಲಿನಲ್ಲಿ ಕೆಲಸ. ಇನ್ನೊಂದು ಮನೆಗೆ ಕಾಂಪೌಂಡ್ ಗೋಡೆ. ದಕ್ಷಿಣಾಮೂರ್ತಿಗಳಿಗೆ ಜಿಮ್ಮಿನ ಆಜೀವ ಸದಸ್ಯತ್ವ. ಎಪ್ಪತ್ತೆರಡರ ವಯಸ್ಸಿನಲ್ಲಿ ಜಿಮ್ಮೇ ಎಂದು ಕೇಳಿದೆ. “ಆಜೀವ ಅಂದರೆ ಅವರಿಗೂ ಹೆಚ್ಚು ಖರ್ಚಿಲ್ಲ ಶಂಕರಪ್ಪ ಗಾರೂ,” ಎಂದರು, ನನ್ನ ಮುಖ ನೋಡದೆ. ಆಮೇಲೆ ಅವರು ದೋಸೆಗೆ ಬರುವುದು ಕಡಿಮೆಯಾಗಿದೆ. ಅನಿರುದ್ಧ್ ನಮ್ಮ ಮನೆಗೂ ಬಂದರು. ಆ ವಿಷಯ ಇಲ್ಲಿ ಬೇಡ.

ಈಗ ಬೇಡಿಕೆ. ಹೊಸ ಕಾಯಿದೆ ಕೇಳುತ್ತಿಲ್ಲ, ಸಮಿತಿ ಕೇಳುತ್ತಿಲ್ಲ. ನನ್ನ ಹೆಂಡತಿಯನ್ನು ಕೇಳಿದಿರಲ್ಲ, ಅವೇ ಪ್ರಶ್ನೆಗಳನ್ನು ಬಿಲ್ಡರನ್ನೂ ಕೇಳಿ. ಗಿರಾಕಿಗಳು ಗಾಡಿ ಎಲ್ಲಿ ನಿಲ್ಲಿಸುತ್ತಾರೆ? ಹೊಗೆ ಯಾರ ಮನೆಯತ್ತ ಹೋಗುತ್ತದೆ? ನೀರು ಎಲ್ಲಿಗೆ ಹರಿಯುತ್ತದೆ? ಉತ್ತರವನ್ನು ಪರದೆಯ ಮೇಲೆ ನೋಡಬೇಡಿ. ದಸರೆಯ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಒಂದಲ್ಲ ಒಂದು ವಾಯುಭಾರ ಕುಸಿತ ಇದ್ದೇ ಇರುತ್ತದೆ, ಆಗ ಬನ್ನಿ. ಕೀಲಿಯನ್ನು ಮೊದಲೇ ತರಿಸಿಟ್ಟುಕೊಳ್ಳಿ. ಪ್ಯಾಂಟು ಮಡಚಿ, ಕೆರೆಯ ಏರಿಯ ಮೇಲೆ ನಡೆಯಿರಿ. ಸಭೆಯನ್ನು ಇಲ್ಲೇ, ನಮ್ಮ ರಸ್ತೆಯಲ್ಲೇ ನಡೆಸಿ. ಕುರ್ಚಿ ಸಾಲದಿದ್ದರೆ ಬೆಂಚಿದೆ, ನಿಮಗೆ ಪರಿಚಯವಿರುವಂಥದ್ದೇ. ಕೆರೆಯನ್ನು ಕೆರೆಯೆಂದೇ ಬರೆದು, ಆ ಅರ್ಜಿಯನ್ನು ತಿರಸ್ಕರಿಸಿ. ದೊಡ್ಡ ಜಾಗಕ್ಕೆ ದೊಡ್ಡ ಪರಿಶೀಲನೆ ಎಂಬಷ್ಟು ಸರಳ ಲೆಕ್ಕವನ್ನು ಈ ಸಾವಿರಾರು ನಾಗರಿಕರ ಪರವಾಗಿ,

ಇಲ್ಲ, ಸಾಕು. ಸಾವಿರಾರು ಜನ ಇಲ್ಲ. ಮುಂದಿನ ಸಾಲಿನ ಸೋಫಾ ಇಲ್ಲ, ಹಿಂದೆ ಗೋಡೆಗೊರಗಿ ನಿಂತವರೂ ಇಲ್ಲ. ಹನ್ನೊಂದು ಮನೆಗಳಲ್ಲಿ ಹತ್ತು ಆಕ್ಷೇಪಣೆ ವಾಪಸು ಪಡೆದಾಗಿದೆ. ಉಳಿದಿರುವುದು ನಮ್ಮದು. ಅದರಲ್ಲೂ ಅರ್ಧ.

ಅನಿರುದ್ಧ್ ನಮ್ಮ ಮನೆಗೆ ತಂದದ್ದು ಒಂದು ಚಿತ್ರ. ಮಾಲಿನ ಎರಡನೆಯ ಮಹಡಿ, ಗಾಜಿನ ಅಂಗಡಿ, ಮೇಲೆ ದೀಪದ ಬೋರ್ಡು, ಬೋರ್ಡಿನಲ್ಲಿ ಮಾಧವೀಲತಾ ಎಂಬ ಹೆಸರು. ಲೈಸೆನ್ಸ್ ಸಮೇತ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಕ್ಷೇಪಣೆ ವಾಪಸು ಪಡೆಯುವ ಕಾಗದಕ್ಕೆ ತನ್ನ ಸಹಿ ಹಾಕಿದಳು; ನನ್ನ ಸಹಿಯೊಂದು ಬಾಕಿ. ಕೆರೆಯ ವಿಷಯ ನನಗಿಂತ ಚೆನ್ನಾಗಿ ಬಲ್ಲವಳು. ಹಂಚು ಹಿಡಿದು ಬಾಗಿಲಲ್ಲಿ ನಿಂತವಳು. ಕಾಗದವನ್ನು ನನ್ನತ್ತ ಸರಿಸಿ ಕನ್ನಡದಲ್ಲಿ ಮಾತಾಡಿದಳು. ನಮ್ಮ ಮನೆಯಲ್ಲಿ ಅವಳು ಕನ್ನಡಕ್ಕೆ ಇಳಿದಳೆಂದರೆ ವಿಷಯ ಗಂಭೀರ.

“ಅವ್ರು ಮೂರು ವರ್ಷ ಬೇಡ ಅಂದ್ರು. ಇವ್ರು ಬಾ ಅಂತಾರೆ. ನೀವೂ ಬೇಡ ಅಂತೀರಾ ಏಮಂಡೀ?”

ಯೋಚಿಸಿ ಹೇಳುತ್ತೇನೆ ಎಂದು, ಯೋಚಿಸುವ ಬದಲು ಇದನ್ನು ಬರೆಯಲು ಕೂತೆ, ಅವಳು ಓದುವ ಗೋಜಿಗೆ ಹೋಗದ ಲಿಪಿಯಲ್ಲಿ. ಕೆರೆ ಉಳಿಯಬೇಕು. ಆದರೆ ಅವಳ ಮುಖ ನೋಡಿಕೊಂಡು ಬೇಡ ಎನ್ನಲು ನನ್ನಿಂದ ಆಗುವುದಿಲ್ಲ ಮಾನ್ಯರೇ. ನೀವು ಅನ್ನಿ. ನಿಮಗೆ ಅಭ್ಯಾಸವಿದೆ.

ಇಂತಿ,
ದಸರೆಯವರೆಗಾದರೂ ತಮ್ಮ ಅರ್ಧ ಆಕ್ಷೇಪಕ,
ಶಂಕರಪ್ಪ
ದೋಸೆ ಕೋಣೆಯ ಹಿಂದಿನ ಮನೆ, ವಿಶಾಖಪಟ್ಟಣ