ತೆಂಕು ಗೋಡೆಯ ನೂಲು

ವಾಮದಪದವು
24-11-1998, ಮಂಗಳವಾರ

ಪ್ರೀತಿಯ ಉಮ್ಮಾ, ಅಸ್ಸಲಾಮು ಅಲೈಕುಂ.

ಮೊಣಗಂಟಿನ ನೋವು ಹೇಗುಂಟು? ತಂಗಿ ಝೈನಬಳ ಮನೆಯಲ್ಲಿ ಮೆಟ್ಟಿಲು ಹೆಚ್ಚು, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡಿ. ನಾವೆಲ್ಲ ಸೌಖ್ಯ. ಹಫ್ಸಾ, ಅಜ್ಜಿಗೆ ಓದಿ ಹೇಳುವಾಗ ಸಾಲು ಹಾರಿಸಬೇಡ ಮಾರಾಯ್ತಿ. ಈ ಸಲ ಸುದ್ದಿ ಒಳ್ಳೆಯದೇ.

ಹಳೆಯ ಮನೆಗಳ ಅಳತೆ ತೆಗೆದು ನಕ್ಷೆ ಬರೆಯುವವರು ನಿನ್ನೆ ಬಂದರು. ಮೂಡುಬಿದಿರೆಯ ಸಾಧನಾ ಟೀಚರು, ಜೊತೆಗೆ ಇಬ್ಬರು ವಿದ್ಯಾರ್ಥಿನಿಯರು. ಬಂಟ್ವಾಳ, ಬೆಳ್ತಂಗಡಿಯಲ್ಲಿ ನಲವತ್ತು ಮಣ್ಣಿನ ಮನೆ ಮುಗಿಸಿದ್ದಾರಂತೆ. "ಬೇಗ ಅಳೆಯಿರಿ, ಶನಿವಾರ ತೆಂಕು ಗೋಡೆ ಕೆಡವಲಿಕ್ಕೆ ಜನ ಬರ್ತಾರೆ" ಎಂದೆ. ಯಾಕೆಂದು ಕೇಳಿದರು. ಗೋಡೆ ವಾಲ್ತದಾ ಎಂದು ನೋಡಲಿಕ್ಕೆ ಹೊರಗೆ ಮಾಡಿನ ಪಕಾಸಿನ ಮರಕ್ಕೆ ನೀವು ಕಟ್ಟಿ ಇಳಿಬಿಟ್ಟ ನೂಲನ್ನೂ ಅದರ ತುದಿಯ ತುಕ್ಕು ಬೀಗವನ್ನೂ ತೋರಿಸಿದೆ. ನೂಲಿಗೂ ಗೋಡೆಯ ಬುಡಕ್ಕೂ ಹನ್ನೆರಡು ವರ್ಷದ ಹಿಂದೆ ನಾಲ್ಕು ಬೆರಳು ಸಂದು, ಈ ವರ್ಷ ಒಂದೇ. "ಬುಡ ಹೊರಗೆ ಜಾರ್ತಾ ಉಂಟು, ತಲೆ ನನ್ನ ಮಂಚಕ್ಕೇ ಬೀಳ್ತದೆ" ಎಂದು ನೀವು ಮಳೆಗಾಲಕ್ಕೆ ಮೊದಲೇ ಲಾಯಿಲಕ್ಕೆ ಝೈನಬಳಲ್ಲಿಗೆ ಹೋದದ್ದು, ದಮ್ಮಾಮಿನಿಂದ ತಮ್ಮ ಇಹ್ಸಾನ್ "ಕೆಡವಿ ಬಿಡುವ" ಎಂದು ಬರೆದದ್ದು, ಎಲ್ಲ ಹೇಳಿದೆ.

ಟೀಚರು ಚೀಲ ಬಿಚ್ಚಿದರು. ಕೋಣೆಯ ಒಳಗೆ ಮೇಸ್ತ್ರಿಗಳ ತೂಕದ ಗುಂಡು ಇಳಿಬಿಟ್ಟರು. ಗೋಡೆ ನೆಟ್ಟಗೆ! ಹೊರಗೆ ಬಂದು ಬುಡವನ್ನು ಚಾಕುವಿನಿಂದ ಸ್ವಲ್ಪ ಕೆರೆದರು. ನೀವು ಬೇಯಿಸುವ ಅಟ್ಟಿ ಪತ್ತಿರಿಯ ಹಾಗೆ ಪದರದ ಮೇಲೆ ಪದರ, ಇಪ್ಪತ್ತನಾಲ್ಕು. "ಇದು ಜಾರಿದ್ದಲ್ಲ ಮಾರಾಯ್ರೆ, ದಪ್ಪ ಆದದ್ದು. ಯಾರು ಬಳಿದದ್ದು?" ಎಂದರು.

ಯಾರು, ಉಮ್ಮಾ? ಪ್ರತಿ ರಮ್ಜಾನಿಗೆ, ಬಕ್ರೀದಿಗೆ ಕೆಮ್ಮಣ್ಣು ಕಲಸಿ ಬುಡಕ್ಕೆ ಬಳಿದವರೂ ನೀವೇ, ಕೈ ತೊಳೆದು ನೂಲು ನೋಡಿ ಹೆದರಿದವರೂ ನೀವೇ. ಬಿ.ಎ. ಮಾಡಿದ ನನಗೂ ಹನ್ನೆರಡು ವರ್ಷ ಹೊಳೆಯಲಿಲ್ಲ, ಅದನ್ನು ಯಾರಿಗೂ ಹೇಳಬೇಡಿ. ನಿನ್ನೆಯಿಂದ ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಆಗಿದೆ. ಪ್ರಾಸವೂ ತಾನಾಗಿ ಬರ್ತಾ ಉಂಟು:

ಗೋಡೆ ನಿಂತಿದೆ ನೆಟ್ಟಗೆ,
ಬನ್ನಿ ನಮ್ಮ ಹಟ್ಟಿಗೆ.

ಹಟ್ಟಿ ಎಂದದ್ದು ಪ್ರಾಸಕ್ಕೆ ಮಾತ್ರ. ಮನೆ ಮನೆಯೇ, ದನದ ಕೊಟ್ಟಿಗೆ ಅಲ್ಲ.

ಝೈನಬಳಿಗೂ ಮಕ್ಕಳಿಗೂ ಸಲಾಂ. ನಿಮ್ಮ ದುಆದಲ್ಲಿ ನನ್ನನ್ನೂ ಈ ಗೋಡೆಯನ್ನೂ ಸೇರಿಸಿಕೊಳ್ಳಿ.

ನಿಮ್ಮ ಮಗ
ಹಸೈನಾರ್

ಅವಸರದಲ್ಲಿ: ಶನಿವಾರದ ಜನರನ್ನು ಬೇಡವೆಂದೆ, ಇಹ್ಸಾನನಿಗೂ ಬರೆದೆ. ಆದರೆ ಆ ಕೆಮ್ಮಣ್ಣಿಗೆ ನೀವು ಏನು ಸೇರಿಸ್ತೀರಿ, ಇಷ್ಟು ಮಳೆಗೂ ಯಾಕೆ ಕರಗಲಿಲ್ಲ ಎಂದು ಟೀಚರು ಕೇಳಿದ್ದಕ್ಕೆ "ಅದು ಉಮ್ಮನಿಗೇ ಗೊತ್ತು" ಎಂದೆ. ತಮ್ಮ ಪುಸ್ತಕದಲ್ಲಿ ಒಂದು ಪುಟ ಖಾಲಿ ಬಿಟ್ಟು, ಮೇಲೆ ನಿಮ್ಮ ಹೆಸರು 'ಐಸಮ್ಮ' ಎಂದು ಬರೆದುಕೊಂಡು ಹೋಗಿದ್ದಾರೆ. ಭಾನುವಾರ ಕರೆದುಕೊಂಡು ಬರಲಿಕ್ಕೆ ಬರ್ತೇನೆ. ಮಂಚ ತೆಂಕು ಕೋಣೆಗೇ ಹಾಕಿ, ಮಧ್ಯಾಹ್ನ ನಾನೇ ಮಲಗಿ ನೋಡಿದೆ. ನನ್ನ ಗೊರಕೆಗೂ ಗೋಡೆ ಅಲುಗಲಿಲ್ಲ. ನೂಲನ್ನು ಮಾತ್ರ ಬಿಚ್ಚಿಲ್ಲ. ಕಟ್ಟಿದವರೇ ಬಂದು ಬಿಚ್ಚಲಿ.